ಹಲ್ಲಿನ ತಂತಿ ಮತ್ತು ಲಗ್ನದ ಮುಹೂರ್ತ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮಕ್ಕಳ ವಿದ್ಯಾಭ್ಯಾಸ, ವೃದ್ಧರ ಆರೈಕೆ, ಲಗ್ನದ ಖರ್ಚುವೆಚ್ಚಗಳ ವಿಚಾರವೇ ಹೆಚ್ಚು. ಈ ಸಲ ತಾಯಿಯೊಬ್ಬರು ಹಲ್ಲಿನ ವಿಚಾರವಾಗಿ ಬರೆದಿದ್ದಾರೆ. ಇಪ್ಪತ್ತಮೂರು ವರ್ಷದ ಮಗಳಿಗೆ ಸಂಬಂಧ ಕೂಡಿಬಂದು ನಿಶ್ಚಿತಾರ್ಥವಾಗಿದೆ. ಲಗ್ನಕ್ಕೆ ಇನ್ನು ಒಂಬತ್ತು ತಿಂಗಳು. ಮೇಲ್ದವಡೆಯ ಮುಂದಿನ ಹಲ್ಲುಗಳು ಉಬ್ಬಿವೆ; ಕೋರೆಹಲ್ಲು ಸಾಲು ಬಿಟ್ಟು ಮೇಲೆ ನಿಂತಿದೆ. ತಂತಿ ಹಾಕಿ ಸರಿಪಡಿಸಲು ಎರಡು ವರ್ಷ ಬೇಕೆಂದು ಒಬ್ಬ ವೈದ್ಯರು ಹೇಳಿದರೆ, ದವಡೆಯ ಎಲುಬಿಗೆ ಒಂದು ಚಿಕ್ಕ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಆರೇಳು ತಿಂಗಳಲ್ಲಿ ಮುಗಿಯುವುದೆಂದು ಮತ್ತೊಂದು ಕಡೆ ಹೇಳಿದ್ದಾರಂತೆ. ಎಲುಬಿಗೆ ಗಾಯ ಮಾಡಿದರೆ ಹಲ್ಲು ಬೇಗ ಸರಿಯುವುದೆಂದರೆ ನಂಬುವುದು ಹೇಗೆ ಎಂಬುದು ಆ ತಾಯಿಯ ಪ್ರಶ್ನೆ.

ವೈದ್ಯಶಾಸ್ತ್ರವು ನನ್ನ ಅಧ್ಯಯನದ ವಿಷಯವಲ್ಲ. ಆದರೆ ಇಂಥ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿ ಏಳುತ್ತಿರುವುದರಿಂದ, ಬಲ್ಲವರನ್ನು ಕೇಳಿ, ಪ್ರಕಟವಾಗಿರುವ ಪ್ರಬಂಧಗಳನ್ನು ಓದಿಸಿಕೊಂಡು, ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಹಲ್ಲು ಸರಿಯುವುದೆಂದರೇನು ಎಂಬುದನ್ನು ತಿಳಿಯಬೇಕು. ಗೋಡೆಗೆ ಮೊಳೆ ಹೊಡೆದಂತೆ ಹಲ್ಲು ಎಲುಬಿನಲ್ಲಿ ನಾಟಿಕೊಂಡಿದೆಯೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಬೇರಿಗೂ ಎಲುಬಿಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ಒಂದು ನಾರುಪೊರೆ ಇದೆ. ಹಲ್ಲು ಆ ಪೊರೆಯಲ್ಲಿ ತೂಗುಬಿದ್ದಂತೆ ಇರುತ್ತದೆ. ಹಲ್ಲನ್ನು ಒಂದು ಕಡೆಗೆ ಮೃದುವಾಗಿ, ಎಡೆಬಿಡದೆ ಒತ್ತಿದರೆ, ಒತ್ತಡ ಬಿದ್ದ ಬದಿಯಲ್ಲಿ ಎಲುಬನ್ನು ಕರಗಿಸುವ ಜೀವಕೋಶಗಳು ಬಂದು ಸೇರುತ್ತವೆ. ಸೆಳೆತ ಬಿದ್ದ ಬದಿಯಲ್ಲಿ ಎಲುಬನ್ನು ಕಟ್ಟುವ ಜೀವಕೋಶಗಳು ಕೆಲಸ ಆರಂಭಿಸುತ್ತವೆ. ಮುಂದೆ ಕರಗಿ ಹಿಂದೆ ಕಟ್ಟಿಕೊಳ್ಳುತ್ತಾ ಹಲ್ಲು ತನ್ನ ಮನೆಯನ್ನೇ ಹೊತ್ತುಕೊಂಡು ನಡೆಯುತ್ತದೆ. ಸ್ವೀಡನ್ನಿನ ಕಾರ್ಲ್ ಸಾಂಡ್‌ಸ್ಟೆಟ್ ಎಂಬ ವಿದ್ವಾಂಸನು 1904-05ರಲ್ಲಿ ನಾಯಿಗಳ ಹಲ್ಲಿಗೆ ತಂತಿ ಹಾಕಿ, ಆ ಎಲುಬನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಸಂಗತಿಯನ್ನು ವಿವರಿಸಿದನು.

ಹಲ್ಲನ್ನು ಸರಿಸಬಹುದೆಂಬ ಅನುಭವಜ್ಞಾನವಾದರೋ ಬಹು ಹಳೆಯದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬ ಗ್ರಂಥಕಾರನು, ಹಾಲುಹಲ್ಲು ಬೀಳುವ ಮೊದಲೇ ಹೊಸ ಹಲ್ಲು ಹುಟ್ಟಿದರೆ ಹಾಲುಹಲ್ಲನ್ನು ಕಿತ್ತು, ಹೊಸದನ್ನು ದಿನವೂ ಬೆರಳಿನಿಂದ ಒತ್ತಿ ಸ್ಥಾನಕ್ಕೆ ತರಬೇಕೆಂದು ಹೇಳಿದ್ದಾನೆ. ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’ ಎಂಬ ಹೆಸರೂ ಇದೆ. ಎರಡು ಬಾರಿ ಹುಟ್ಟುವುದೆಂಬ ಕಾರಣದಿಂದ. ಆ ಎರಡನೆಯ ಹುಟ್ಟಿನ ವೇಳೆಯಲ್ಲಿ ಹಿರಿಯರು ಕಣ್ಣಿಟ್ಟು ನೋಡಿದರೆ ಮುಂದಿನ ತೊಡಕು ಎಷ್ಟೋ ಕಡಿಮೆಯಾಗುತ್ತದೆ. ಏಳು ವರ್ಷದೊಳಗೆ ಮಗುವಿನ ಹಲ್ಲುಸಾಲನ್ನು ಒಮ್ಮೆ ಬಲ್ಲವರಿಗೆ ತೋರಿಸಬೇಕೆಂಬುದು ಅಮೆರಿಕದ ದಂತಪಂಕ್ತಿ ತಜ್ಞರ ಸಂಘದ ಸಲಹೆ. ನಮ್ಮಲ್ಲಿ ಅನೇಕರು ಹೆಣ್ಣು ನೋಡಲು ಬರುವ ವರ್ಷದವರೆಗೆ ಕಾಯುತ್ತಾರೆ!

ಕರಗುವುದು, ಕಟ್ಟುವುದು ಎರಡೂ ಜೀವಕೋಶಗಳ ಕೆಲಸವಾದ್ದರಿಂದ ಅದಕ್ಕೆ ತನ್ನದೇ ಆದ ಗತಿಯುಂಟು. ಸ್ಥೂಲವಾಗಿ ಹೇಳುವುದಾದರೆ ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ. ಉಬ್ಬುಹಲ್ಲನ್ನು ಹಿಂದಕ್ಕೆ ತರಲು ಕೋರೆಹಲ್ಲಿನ ಹಿಂದಿನ ಒಂದು ಹಲ್ಲನ್ನು ತೆಗೆದರೆ ಸುಮಾರು ಏಳು ಮಿಲಿಮೀಟರ್ ಎಡೆ ಸಿಗುತ್ತದೆ. ಕೋರೆಹಲ್ಲು ಅದನ್ನು ಪೂರ್ತಿ ದಾಟುವುದಕ್ಕೇ ಆರೇಳು ತಿಂಗಳು ಹಿಡಿಯುತ್ತದೆ. ಅದಕ್ಕೆ ಮೊದಲು ಸಾಲನ್ನು ಸಮಮಾಡುವ ಕೆಲಸ, ಅನಂತರ ಮುಂದಿನ ನಾಲ್ಕು ಹಲ್ಲುಗಳನ್ನು ಹಿಂದಕ್ಕೆ ಎಳೆಯುವ ಕೆಲಸ, ಕೊನೆಗೆ ಮೇಲು ಕೆಳಗಿನ ಹಲ್ಲುಗಳು ಸರಿಯಾಗಿ ಕಚ್ಚಿಕೊಳ್ಳುವಂತೆ ತಿದ್ದುವ ಕೆಲಸ ಇವೆ. ಹೀಗಾಗಿ ಎರಡು ವರ್ಷವೆಂದ ವೈದ್ಯರು ಕಾಲಹರಣಕ್ಕೆ ಹೇಳಿದ ಮಾತಲ್ಲ. ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಂತಿಯ ಚಿಕಿತ್ಸೆಯ ಸರಾಸರಿ ಅವಧಿ ಎರಡು ವರ್ಷಕ್ಕೆ ತುಸು ಕಡಿಮೆಯೆಂದೇ ಕಂಡುಬಂದಿದೆ.

ಇದನ್ನು ಬೇಗ ಮುಗಿಸಬೇಕೆಂಬ ಆಸೆಯೂ ಅವಿವೇಕದ್ದಲ್ಲ. ತಂತಿ ಹೆಚ್ಚು ಕಾಲ ಬಾಯಲ್ಲಿದ್ದಷ್ಟೂ ಹಲ್ಲಿನ ಮೇಲೆ ಬಿಳಿ ಮಚ್ಚೆ ಮೂಡುವ, ವಸಡು ಊದಿಕೊಳ್ಳುವ, ಬೇರಿನ ತುದಿ ತುಸು ಸವೆಯುವ ಸಂಭವ ಹೆಚ್ಚುತ್ತದೆ. ಆದುದರಿಂದ ವೈದ್ಯರೂ ನೂರಕ್ಕೂ ಹೆಚ್ಚು ವರ್ಷಗಳಿಂದ ಈ ಗತಿಯನ್ನು ಹೆಚ್ಚಿಸುವ ಉಪಾಯವನ್ನು ಹುಡುಕುತ್ತಲೇ ಬಂದಿದ್ದಾರೆ.

ಆಸ್ಟ್ರಿಯಾದ ಹೈನ್‌ರಿಷ್ ಕೋಲೆ ಎಂಬ ಶಸ್ತ್ರವೈದ್ಯನು 1959ರಲ್ಲಿ ಒಂದು ಕ್ರಮವನ್ನು ಪ್ರಕಟಿಸಿದನು. ದವಡೆಯ ಎಲುಬಿಗೆ ಹೊರಗೆ ಗಟ್ಟಿಯಾದ ಕವಚವಿದೆ, ಒಳಗೆ ಸ್ಪಂಜಿನಂತೆ ರಂಧ್ರಮಯವಾದ ಭಾಗವಿದೆ. ಹಲ್ಲಿನ ಚಲನೆಗೆ ಅಡ್ಡಿ ಹೊರಕವಚದ್ದೇ ಎಂದು ಕೋಲೆ ತರ್ಕಿಸಿದನು. ವಸಡನ್ನು ಬಿಡಿಸಿ ಹಲ್ಲುಹಲ್ಲಿನ ನಡುವೆ ಆ ಕವಚವನ್ನು ಸೀಳಿದರೆ, ಹಲ್ಲೂ ಅದರ ಸುತ್ತಲಿನ ಎಲುಬಿನ ತುಂಡೂ ಒಟ್ಟಾಗಿ ಸರಿಯುತ್ತವೆ ಎಂಬುದು ಅವನ ನಂಬಿಕೆ. ಹಲ್ಲೇನೋ ಬೇಗ ಸರಿಯಿತು. ಕಾರಣ ಮಾತ್ರ ಅವನು ತಿಳಿದಂತೆ ಇರಲಿಲ್ಲ.

ನಿಜವಾದ ಕಾರಣದ ಸುಳಿವು ಮೂಳೆ ಮುರಿತದ ಅಧ್ಯಯನದಿಂದ ದೊರೆಯಿತು. ಅಮೆರಿಕದ ಮೂಳೆತಜ್ಞ ಹೆರಾಲ್ಡ್ ಫ್ರಾಸ್ಟ್ 1983ರಲ್ಲಿ ಒಂದು ಸಂಗತಿಯನ್ನು ನಿರೂಪಿಸಿದನು. ಎಲುಬಿಗೆ ಎಲ್ಲಿಯಾದರೂ ಗಾಯವಾದರೆ, ಆ ಗಾಯದ ಸುತ್ತಲಿನ ಪ್ರದೇಶದಲ್ಲೆಲ್ಲ ಕರಗುವ, ಕಟ್ಟುವ ಕೆಲಸವು ಎಂದಿಗಿಂತ ಹಲವು ಪಟ್ಟು ಚುರುಕಾಗುತ್ತದೆ. ಗಾಯವನ್ನು ಬೇಗ ಮಾಯಿಸಲು ದೇಹವು ಮಾಡಿಕೊಂಡಿರುವ ವ್ಯವಸ್ಥೆಯಿದು. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಈರಿ ನಗರದಲ್ಲಿದ್ದ ವಿಲ್ಕೋ ಸಹೋದರರು, ಒಬ್ಬರು ವಸಡಿನ ತಜ್ಞರು, ಮತ್ತೊಬ್ಬರು ತಂತಿ ಹಾಕುವ ತಜ್ಞರು, ಕಾರ್ಟಿಕಾಟಮಿ ಮಾಡಿಸಿಕೊಂಡವರ ದವಡೆಯನ್ನು ಸಿ.ಟಿ. ಸ್ಕ್ಯಾನಿನಲ್ಲಿ ಪರೀಕ್ಷಿಸಿ 2001ರಲ್ಲಿ ವರದಿ ಮಾಡಿದರು. ಎಲುಬಿನ ತುಂಡು ಸರಿದಿರಲಿಲ್ಲ. ಗಾಯದ ಸುತ್ತ ಎಲುಬಿನ ಖನಿಜಾಂಶ ತಾತ್ಕಾಲಿಕವಾಗಿ ಇಳಿದು ಎಲುಬು ಮೆದುವಾಗಿತ್ತು. ಆ ಮೆದುವಿನಲ್ಲಿ ಹಲ್ಲು ಸಲೀಸಾಗಿ ಸಾಗಿತ್ತು. ಅನಂತರ ಖನಿಜಾಂಶ ಮರಳಿ ತುಂಬಿಕೊಂಡಿತ್ತು.

ಎರೆಭೂಮಿಯ ಒಕ್ಕಲುತನ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬೇಸಿಗೆಯಲ್ಲಿ ಕಲ್ಲಿನಂತಿದ್ದ ನೆಲ ಮಳೆ ಬಿದ್ದು ಹದಕ್ಕೆ ಬರುತ್ತದೆ. ಆ ಹದದಲ್ಲಿ ಕುಂಟೆ ಹೂಡಿದರೆ ಎತ್ತಿಗೂ ಶ್ರಮವಿಲ್ಲ, ನೆಲಕ್ಕೂ ನೋವಿಲ್ಲ. ಹದ ತಪ್ಪಿದರೆ ಎಷ್ಟು ಬಡಿದರೂ ಹೆಂಟೆಯೇ. ಎಲುಬಿನ ಈ ಹದವು ಗಾಯವಾದ ಕೆಲವು ದಿನಗಳಲ್ಲಿ ಆರಂಭವಾಗಿ, ಒಂದೆರಡು ತಿಂಗಳಲ್ಲಿ ಏರಿನ ಸ್ಥಿತಿಗೆ ಬಂದು, ಸುಮಾರು ನಾಲ್ಕು ತಿಂಗಳಿನಿಂದ ಆರು ತಿಂಗಳೊಳಗೆ ಇಳಿದುಹೋಗುತ್ತದೆ. ಆ ತಾಯಿಗೂ, ಇಂಥ ವಿಚಾರದಲ್ಲಿರುವ ಇತರ ಕುಟುಂಬಗಳಿಗೂ ನಾನು ಮುಖ್ಯವಾಗಿ ಹೇಳಬೇಕಾದುದು ಇದನ್ನೇ: ಶಸ್ತ್ರಚಿಕಿತ್ಸೆಯಿಂದ ದೊರೆಯುವುದು ಒಂದು ಹದ, ಇಡೀ ಚಿಕಿತ್ಸೆಗೆ ಅನ್ವಯಿಸುವ ವೇಗವಲ್ಲ. ಆ ಅವಧಿಯಲ್ಲಿ ವೈದ್ಯರು ತಿಂಗಳಿಗೊಮ್ಮೆ ನೋಡುವ ಬದಲು ಎರಡು ವಾರಕ್ಕೊಮ್ಮೆ ನೋಡಿ ತಂತಿ ಬದಲಿಸಬೇಕು. ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಉದ್ಯೋಗಕ್ಕೆಂದು ಬೆಂಗಳೂರಿಗೆ ಹೋಗಿ ಎರಡು ತಿಂಗಳು ಬಾರದೆ ಇದ್ದರೆ, ಗಾಯವನ್ನು ಅನುಭವಿಸಿದ್ದಷ್ಟೇ ಲಾಭ.

ಈಗ ಬಳಕೆಯಲ್ಲಿರುವ ವಿಧಾನಗಳನ್ನು ಸಂಕ್ಷೇಪವಾಗಿ ನೋಡೋಣ. ವಸಡನ್ನು ಅಗಲವಾಗಿ ಬಿಡಿಸಿ ಎಲುಬಿನ ಕವಚವನ್ನು ಕೊರೆಯುವ ಕಾರ್ಟಿಕಾಟಮಿ ಎಲ್ಲಕ್ಕಿಂತ ದೊಡ್ಡದು. ಇದರ ಬಾವು ನೋವುಗಳೂ ಹೆಚ್ಚು. ಬಾಸ್ಟನ್ ವಿಶ್ವವಿದ್ಯಾಲಯದ ಸೆರ್ಜ್ ಡಿಬಾರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪೀಜೋಸಿಶನ್ ಎಂಬ ಕ್ರಮದಲ್ಲಿ ವಸಡನ್ನು ಬಿಡಿಸುವುದಿಲ್ಲ. ಹಲ್ಲುಗಳ ನಡುವೆ ವಸಡಿಗೆ ಚಿಕ್ಕ ಚಿಕ್ಕ ಸೀಳು ಕೊಟ್ಟು, ಅದರ ಮೂಲಕ ಕಿವಿಗೆ ಕೇಳದ ಕಂಪನದಿಂದ ಕೆಲಸ ಮಾಡುವ ಸೂಕ್ಷ್ಮ ಉಪಕರಣದಿಂದ ಎಲುಬನ್ನು ಸುಮಾರು ಮೂರು ಮಿಲಿಮೀಟರ್ ಆಳಕ್ಕೆ ಗೀರುತ್ತಾರೆ. ಇನ್ನೂ ಚಿಕ್ಕದು ಎಲುಬಿಗೆ ಸಣ್ಣ ರಂಧ್ರ ಮಾಡುವ ಕ್ರಮ. ಮೈಕ್ರೋ ಆಸ್ಟಿಯೋಪರ್ಫೊರೇಶನ್ ಎಂದು ಅದರ ದೀರ್ಘನಾಮ. ಸ್ಕ್ರೂವಿನಂಥ ಸಾಧನದಿಂದ ವಸಡಿನ ಮೇಲಿನಿಂದಲೇ ಎರಡು ಮೂರು ಮಿಲಿಮೀಟರ್ ಆಳದ ತೂತುಗಳನ್ನು ಮಾಡುತ್ತಾರೆ, ಹೊಲಿಗೆಯೂ ಬೇಕಾಗುವುದಿಲ್ಲ. ಎಲ್ಲಕ್ಕೂ ಸ್ಥಳಕ್ಕೆ ಮಾತ್ರ ಮರಗಟ್ಟಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಸಾಕು.

ಫಲವೆಷ್ಟು ಎಂಬ ಪ್ರಶ್ನೆಗೆ ಬರುತ್ತೇನೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಅಲಿಖಾನಿ ಮತ್ತು ಸಂಗಡಿಗರು ಇಪ್ಪತ್ತು ಮಂದಿ ವಯಸ್ಕರಲ್ಲಿ ರಂಧ್ರವಿಧಾನವನ್ನು ಪರೀಕ್ಷಿಸಿ, ಕೋರೆಹಲ್ಲಿನ ಚಲನೆಯ ವೇಗವು 2.3 ಪಟ್ಟಾಯಿತೆಂದು 2013ರಲ್ಲಿ ಪ್ರಕಟಿಸಿದರು. ಈ ‘2.3 ಪಟ್ಟು’ ಎಂಬ ಅಂಕಿಯೇ ಜಾಹೀರಾತುಗಳ ಬಂಡವಾಳವಾಯಿತು. ಆದರೆ ಅವರು ಅಳೆದದ್ದು 28 ದಿನಗಳ ಚಲನೆಯನ್ನು, ಇಡೀ ಚಿಕಿತ್ಸೆಯನ್ನಲ್ಲ. 2018ರಲ್ಲಿ ಜೋರ್ಡಾನ್ ದೇಶದಲ್ಲಿ ಅದೇ ವಿಧಾನವನ್ನು ಮೂರು ತಿಂಗಳ ಕಾಲ ಪರೀಕ್ಷಿಸಿದವರಿಗೆ ರಂಧ್ರ ಮಾಡಿದ ಬದಿಗೂ ಮಾಡದ ಬದಿಗೂ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಪೀಜೋಸಿಶನ್ ವಿಷಯದಲ್ಲಿ ಸ್ಥಿತಿ ತುಸು ಮೇಲು. ಬೆಲ್ಜಿಯಂ ದೇಶದಲ್ಲಿ 24 ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಒಟ್ಟು ಅವಧಿಯೇ ನೂರಕ್ಕೆ 43ರಷ್ಟು ಕಡಿಮೆಯಾಯಿತು. ಅಲ್ಲಿಯೂ ಒಂದು ಅಂಶವನ್ನು ಮರೆಯಬಾರದು: ಅವರು ಆರಿಸಿಕೊಂಡಿದ್ದು ಹಲ್ಲುಗಳು ಅಲ್ಪಸ್ವಲ್ಪ ಒತ್ತೊತ್ತಾಗಿದ್ದವರನ್ನು. ಪತ್ರ ಬರೆದ ತಾಯಿಯ ಮಗಳಂತೆ ಹಲ್ಲು ತೆಗೆದು ಎಡೆ ಮುಚ್ಚಬೇಕಾದವರಿಗೆ ಆ ಲೆಕ್ಕವನ್ನು ಹಾಗೆಯೇ ಅನ್ವಯಿಸಲಾಗದು. ವೈದ್ಯಕೀಯ ಪರೀಕ್ಷೆಗಳನ್ನು ನಿಷ್ಪಕ್ಷಪಾತವಾಗಿ ತೂಗಿನೋಡುವ ಕಾಕ್ರೇನ್ ಎಂಬ ಸಂಸ್ಥೆಯು 2015ರಲ್ಲಿ ಈ ಎಲ್ಲ ಶಸ್ತ್ರವಿಧಾನಗಳನ್ನು ಪರಿಶೀಲಿಸಿದಾಗ, ಯೋಗ್ಯವೆನಿಸಿದ ಪರೀಕ್ಷೆಗಳು ನಾಲ್ಕೇ ಸಿಕ್ಕವು. ಅವುಗಳಲ್ಲಿ ಒಟ್ಟು 57 ಜನ. ಹಲ್ಲು ತುಸು ಬೇಗ ಸರಿಯಬಹುದು, ಆದರೆ ಸಾಕ್ಷ್ಯ ದುರ್ಬಲವಾಗಿದೆ ಎಂಬುದು ಅವರ ನಿರ್ಣಯ.

ಇಷ್ಟನ್ನು ಓದಿ ಶಸ್ತ್ರಚಿಕಿತ್ಸೆ ಹೇಳಿದವರು ಮೋಸಗಾರರೆಂದು ಯಾರೂ ತೀರ್ಮಾನಿಸಬಾರದು. ವಿಧಾನ ನಿಜವಾದದ್ದು, ಅದರ ಶಾಸ್ತ್ರವೂ ನಿಜವಾದದ್ದು. ಕೆಲವರಿಗೆ ಅದು ಉಪಕಾರಿಯೂ ಹೌದು. ಸಂಶಯ ಇರುವುದು ‘ಆರು ತಿಂಗಳಲ್ಲಿ ಮುಗಿಸಿಕೊಡುತ್ತೇವೆ’ ಎಂಬ ಭರವಸೆಯ ವಿಷಯದಲ್ಲಿ. ಬೇರುಗಳು ಒಂದಕ್ಕೊಂದು ತೀರ ಹತ್ತಿರವಿದ್ದರೆ ಶಸ್ತ್ರ ತಗುಲುವ ಭಯವಿದೆ. ಆದುದರಿಂದ ಮೊದಲು ಎಕ್ಸ್-ರೇ ಅಥವಾ ಸ್ಕ್ಯಾನ್ ಅವಶ್ಯ. ವಸಡಿನ ಮೇಲೆ ಸಣ್ಣ ಕಲೆ ಉಳಿದುದುಂಟು. ವಸಡಿನ ರೋಗವಿರುವವರು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರು, ಬಹುಕಾಲ ಸ್ಟೀರಾಯ್ಡ್ ಔಷಧ ತೆಗೆದುಕೊಂಡವರು, ಎಲುಬಿನ ಸವಕಳಿಗಾಗಿ ಬಿಸ್‌ಫಾಸ್ಫೊನೇಟ್ ಜಾತಿಯ ಮಾತ್ರೆ ನುಂಗುವವರು ಇದರ ಗೊಡವೆಗೆ ಹೋಗಬಾರದು. ನೋವಿಗೆಂದು ಮನೆಯಲ್ಲಿದ್ದ ಮಾತ್ರೆ ನುಂಗುವುದೂ ಸರಿಯಲ್ಲ. ಬಾವು ಇಳಿಸುವ ಐಬುಪ್ರೊಫೆನ್‌ನಂಥ ಗುಳಿಗೆಗಳು ಯಾವ ಚುರುಕಿಗಾಗಿ ಗಾಯ ಮಾಡಲಾಯಿತೋ ಅದನ್ನೇ ತಗ್ಗಿಸಬಹುದೆಂದು ವೈದ್ಯರು ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಬರೆದುಕೊಡುತ್ತಾರೆ.

ನಮ್ಮ ಮನೆತನಗಳಿಗೆ ಸಂಬಂಧಿಸಿದ ಮತ್ತೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಎಲುಬು ತೆಳುವಾಗಿರುವ ಕಡೆ ಶಸ್ತ್ರಚಿಕಿತ್ಸೆಯ ವೇಳೆಯಲ್ಲಿಯೇ ಎಲುಬಿನ ಪುಡಿಯನ್ನು ತುಂಬುವುದುಂಟು. ವಿಲ್ಕೋ ಸಹೋದರರ ಕ್ರಮದಲ್ಲಿ ಇದೊಂದು ಮುಖ್ಯ ಅಂಗ. ಈ ಪುಡಿ ಅನೇಕ ವೇಳೆ ದನದ ಎಲುಬನ್ನು ಸಂಸ್ಕರಿಸಿ ತಯಾರಿಸಿದ್ದು. ಕೆಲವು ವೇಳೆ ಮೃತ ದಾನಿಗಳ ಎಲುಬಿನಿಂದ ಪಡೆದದ್ದು. ಪರಂಪರೆಯಿಂದ ಶಾಕಾಹಾರಿಗಳಾದ ಲಿಂಗಾಯತ ಕುಟುಂಬದವರು ಇದನ್ನು ಮುಂಚೆಯೇ ತಿಳಿದಿರುವುದು ಒಳಿತು. ಪ್ರಾಣರಕ್ಷಣೆಯ ಔಷಧಕ್ಕೂ ಆಹಾರಕ್ಕೂ ಒಂದೇ ನಿಯಮವೆಂದು ನಾನು ಭಾವಿಸುವವನಲ್ಲ. ಆದರೆ ಇಲ್ಲಿ ಪ್ರಾಣದ ಪ್ರಶ್ನೆ ಇಲ್ಲ, ಆಯ್ಕೆಗೆ ಎಡೆಯಿದೆ. ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಮೊದಲಾದ ಕೃತಕ ಪುಡಿಗಳೂ ದೊರೆಯುತ್ತವೆ. ಪುಡಿಯ ಮೂಲವೇನೆಂದು ಕೇಳುವುದು ರೋಗಿಯ ಹಕ್ಕು. ಕೇಳಿದವರನ್ನು ಹಳೆಯ ಕಾಲದವರೆಂದು ನಗುವ ವೈದ್ಯರಿದ್ದರೆ ಅವರು ತಮ್ಮ ಕರ್ತವ್ಯವನ್ನು ಅರಿತಿಲ್ಲ. ಒಪ್ಪಿಗೆಪತ್ರಕ್ಕೆ ರುಜು ಹಾಕಿದ ಮೇಲೆ ತಿಳಿದು, ಮಗಳು ಜೀವನಪೂರ್ತಿ ಕೊರಗುವಂತಾಗಬಾರದು.

ಯಾರ ಬಳಿಗೆ ಹೋಗಬೇಕೆಂಬುದೂ ಮುಖ್ಯ. ಐದು ವರ್ಷಗಳ ಬಿ.ಡಿ.ಎಸ್. ಪದವಿಯಾದ ಮೇಲೆ ಮತ್ತೆ ಮೂರು ವರ್ಷ ಹಲ್ಲು ಸರಿಪಡಿಸುವ ಶಾಸ್ತ್ರವನ್ನೇ ಓದಿ ಎಂ.ಡಿ.ಎಸ್. ಪಡೆದವರು ಆರ್ಥೊಡಾಂಟಿಸ್ಟರು. ಎಲುಬನ್ನು ಮುಟ್ಟುವ ಕೆಲಸ ವಸಡಿನ ತಜ್ಞರದೋ ಮುಖದ ಶಸ್ತ್ರತಜ್ಞರದೋ ಆಗಿರುತ್ತದೆ. ಇಬ್ಬರೂ ಕೂಡಿ ಯೋಜನೆ ಮಾಡಬೇಕು. ಬೆಳಗಾವಿ, ದಾವಣಗೆರೆ, ಧಾರವಾಡ, ಮೈಸೂರು, ಬೆಂಗಳೂರುಗಳ ದಂತವೈದ್ಯ ಮಹಾವಿದ್ಯಾಲಯಗಳಲ್ಲಿ ಈ ತಜ್ಞರೆಲ್ಲ ಒಂದೇ ಛಾವಣಿಯಡಿ ಸಿಗುತ್ತಾರೆ; ವೆಚ್ಚವೂ ಸಾಮಾನ್ಯವಾಗಿ ಖಾಸಗಿ ಚಿಕಿತ್ಸಾಲಯಗಳಿಗಿಂತ ಕಡಿಮೆ. ಎರಡನೆಯ ಅಭಿಪ್ರಾಯಕ್ಕಾಗಿಯಾದರೂ ಅಲ್ಲಿಗೆ ಹೋಗಬಹುದು.

ಶಸ್ತ್ರವಿಲ್ಲದೆಯೇ ಕೆಲವು ತಿಂಗಳನ್ನು ಉಳಿಸುವ ಮಾರ್ಗವೊಂದಿದೆ; ಅದಕ್ಕೆ ಜಾಹೀರಾತು ಇಲ್ಲ. ಹಲ್ಲಿಗೆ ಅಂಟಿಸಿದ ಬಿಲ್ಲೆ ಕಿತ್ತುಬಂದಷ್ಟು ಸಲವೂ, ಗೊತ್ತುಪಡಿಸಿದ ದಿನ ತಪ್ಪಿಸಿದಷ್ಟು ಸಲವೂ ಚಿಕಿತ್ಸೆ ಹಿಂದೆ ಬೀಳುತ್ತದೆ. ಕಟಕಟನೆ ಮುರಿಯುವ ಖಡಕ್ ರೊಟ್ಟಿ, ಕಬ್ಬು, ಹುರಿಗಡಲೆ, ಅಂಟಿನುಂಡೆ, ಶೇಂಗಾ ಚಿಕ್ಕಿ ಇವುಗಳನ್ನು ತಂತಿ ಇರುವವರೆಗೆ ದೂರವಿಡಬೇಕು. ಬಿಸಿ ರೊಟ್ಟಿಯನ್ನು ಪಲ್ಯದಲ್ಲಿ ಅದ್ದಿ ತಿನ್ನಬಹುದು. ಮುದ್ದೆಗಂತೂ ಅಡ್ಡಿಯೇ ಇಲ್ಲ. ಉತ್ತರ ಕರ್ನಾಟಕದ ಮನೆಯಲ್ಲಿ ಖಡಕ್ ರೊಟ್ಟಿ ಬಿಡುವುದು ಶಸ್ತ್ರಚಿಕಿತ್ಸೆಗಿಂತ ಕಠಿಣವೆಂದು ಕೆಲವರಿಗೆ ತೋರಬಹುದು!

ಇನ್ನು ಮುಹೂರ್ತದ ಮಾತು. ಗಂಡಿನ ಮನೆಯವರು ಹಲ್ಲಿನ ಬಗ್ಗೆ ಒಂದು ಮಾತು ಆಡಿದರೆಂದು ಈ ಅವಸರ ಹುಟ್ಟಿತೆಂಬುದು ಪತ್ರದ ನಡುವೆ ಒಂದು ಸಾಲಿನಲ್ಲಿ ಬಂದಿದೆ. ವರನ ಹಲ್ಲಿನ ವಿಚಾರ ಯಾರೂ ಎತ್ತಿದಂತಿಲ್ಲ. ಛತ್ರ ಗೊತ್ತಾಗಿದೆಯೆಂಬ ಕಾರಣಕ್ಕೆ ಒಬ್ಬ ಹೆಣ್ಣುಮಗಳ ದವಡೆಯ ಎಲುಬಿಗೆ ಗಾಯ ಮಾಡಿಸುವುದನ್ನು ನಾನು ಒಪ್ಪಲಾರೆ. ಆಕೆ ವಿಷಯವನ್ನೆಲ್ಲ ತಿಳಿದು ತನಗಾಗಿಯೇ ಬೇಡಿದರೆ ಅದು ಬೇರೆ. ಇಪ್ಪತ್ತಮೂರು ವರ್ಷದವಳು, ಒಪ್ಪಿಗೆಪತ್ರಕ್ಕೆ ರುಜು ಹಾಕಬೇಕಾದವಳು ಆಕೆಯೇ. ವಾಸ್ತವವಾಗಿ ಅವಸರಕ್ಕೆ ಕಾರಣವೂ ಇಲ್ಲ. ತಂತಿ ಇರುವಾಗಲೇ ಲಗ್ನವಾದವರು ಈಗ ಎಷ್ಟೋ ಜನ. ಹಲ್ಲಿನ ಬಣ್ಣದ ಪಿಂಗಾಣಿ ಬಿಲ್ಲೆಗಳಿವೆ. ಊಟದ ಹೊತ್ತಿಗೆ, ಫೋಟೋದ ಹೊತ್ತಿಗೆ ತೆಗೆದಿಡಬಹುದಾದ ಪಾರದರ್ಶಕ ಅಲೈನರುಗಳಿವೆ. ಸಮಾರಂಭದ ಮಟ್ಟಿಗೆ ತಂತಿ ಬಿಚ್ಚಿ ಅನಂತರ ಮತ್ತೆ ಕಟ್ಟಿಕೊಡಲು ಒಪ್ಪುವ ವೈದ್ಯರೂ ಇದ್ದಾರೆ. ಒಂಬತ್ತು ತಿಂಗಳಲ್ಲಿ ಮುಂದಿನ ಸಾಲಿನ ಡೊಂಕು ಬಹುಮಟ್ಟಿಗೆ ಇಳಿದು, ಉಳಿದ ಕೆಲಸ ಲಗ್ನದ ಅನಂತರ ಮುಂದುವರಿಯಬಹುದು. ಹೊಸ ಊರಿಗೆ ಹೋಗುವುದಾದರೆ ಅಲ್ಲಿಯ ತಜ್ಞರಿಗೆ ದಾಖಲೆಪತ್ರ, ಎಕ್ಸ್-ರೇಗಳನ್ನು ವರ್ಗಾಯಿಸಿಕೊಳ್ಳಬೇಕು.

ಇದಕ್ಕಿಂತ ಅಪಾಯದ ಒಂದು ಅಡ್ಡದಾರಿಯಿದೆ. ಉಬ್ಬಿದ ಒಳ್ಳೆಯ ಹಲ್ಲುಗಳನ್ನೇ ಉಜ್ಜಿ ಸಣ್ಣದು ಮಾಡಿ, ನರ ತೆಗೆಸಿ, ಮೇಲೆ ಕ್ಯಾಪ್ ಕೂಡಿಸಿ, ಹದಿನೈದು ದಿನಗಳಲ್ಲಿ ಸಾಲು ಸಮವಾಯಿತೆನ್ನುವುದು. ಕರಗಿದ ಎಲುಬು ಮತ್ತೆ ಕಟ್ಟಿಕೊಳ್ಳುತ್ತದೆ. ಉಜ್ಜಿಹೋದ ಹಲ್ಲಿನ ಮೇಲ್ಪದರ ಮತ್ತೆ ಹುಟ್ಟುವುದಿಲ್ಲ. ಕ್ಯಾಪನ್ನು ಜೀವಮಾನದಲ್ಲಿ ಒಂದೆರಡು ಬಾರಿಯಾದರೂ ಬದಲಿಸಬೇಕಾಗಿ ಬರುತ್ತದೆ. ಲಗ್ನದ ಗಡಿಬಿಡಿಯಲ್ಲಿ ಇದಕ್ಕೆ ಒಪ್ಪುವುದಕ್ಕಿಂತ ಉಬ್ಬುಹಲ್ಲಿನಲ್ಲೇ ಹಸೆಮಣೆ ಏರುವುದು ಎಷ್ಟೋ ಮೇಲು.

ಬೇಗ ಸರಿಸಿದರೂ ನಿಧಾನವಾಗಿ ಸರಿಸಿದರೂ ಒಂದು ಕೆಲಸ ಮಾತ್ರ ತಪ್ಪುವುದಿಲ್ಲ. ತಂತಿ ತೆಗೆದ ದಿನ ಹಲ್ಲು ಹೊಸ ಜಾಗದಲ್ಲಿ ನೆಲೆಯೂರಿರುವುದಿಲ್ಲ. ವಸಡಿನ ನಾರುಗಳು ಅದನ್ನು ಹಳೆಯ ಸ್ಥಾನಕ್ಕೆ ಎಳೆಯುತ್ತಲೇ ಇರುತ್ತವೆ. ಆದುದರಿಂದ ರಿಟೇನರ್ ಎಂಬ ಸಾಧನವನ್ನು ಮೊದಲು ಹಗಲಿರುಳು, ಅನಂತರ ರಾತ್ರಿ ಮಾತ್ರ, ವೈದ್ಯರು ಹೇಳಿದಷ್ಟು ವರ್ಷ ಧರಿಸಬೇಕು. ಚಿಕಿತ್ಸೆಯ ವೆಚ್ಚದಲ್ಲಿ ಇದು ಸೇರಿದೆಯೇ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿರಿ. ಊಟದ ಮೊದಲು ತೆಗೆದಾಗ ಕರವಸ್ತ್ರದಲ್ಲೋ ಕಾಗದದಲ್ಲೋ ಸುತ್ತಿಟ್ಟರೆ ಎಲೆಯ ಜೊತೆಗೆ ಅದೂ ತಿಪ್ಪೆಗೆ ಹೋಗುತ್ತದೆ. ಅದರ ಡಬ್ಬಿಯಲ್ಲಿಯೇ ಇಡಬೇಕು. ತೊಳೆಯುವುದು ತಣ್ಣೀರಿನಲ್ಲಿ. ಬಿಸಿನೀರು ತಗುಲಿದರೆ ಅದು ಸೊಟ್ಟಗಾಗಿ ಮತ್ತೆ ಹಲ್ಲಿಗೆ ಕೂಡುವುದಿಲ್ಲ.